ನೀರನ್ನು ಮೂಸಿ ಕುಡಿಯುತ್ತಿದ್ದವರು

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳುಗಳ ತುದಿ ಅರಿಸಿನದಲ್ಲಿ ಅದ್ದಿ ತೆಗೆದಂತೆ ಹಳದಿಯಾಗಿತ್ತು. ಅದು ಯಾವ ಸೋಪಿಗೂ ಜಗ್ಗದ ಆಮ್ಲದ ಕಲೆ. ಆ ಬೆರಳುಗಳಲ್ಲಿ ಲೋಟ ಹಿಡಿದು, ಮೊದಲು ಮೂಗಿನ ಬಳಿಗೆ ತಂದು, ಅನಂತರವೇ ಕುಡಿಯುವುದು ಅವರ ರೂಢಿ. ಹೊಸಮನೆ ಬಡಾವಣೆಯಲ್ಲಿ ಅವರದು ನಮ್ಮ ಪಕ್ಕದ ಮನೆ. ಭದ್ರಾವತಿಯ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನೀರನ್ನು ಪರೀಕ್ಷಿಸುವ ಕೆಲಸ. ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದರು.

"ನಮ್ಮನೆ ನೀರನ್ನ ಹಾಗೆ ಮೂಸ್ತೀಯಲ್ಲ ಮಾರಾಯ, ವಿಷ ಹಾಕಿದೀನಾ?" ಎಂದು ಅಮ್ಮ ಛೇಡಿಸುತ್ತಿದ್ದರು.

"ಮನೇಲೂ ಹೀಗೇ ಅಮ್ಮ. ಹೆಂಡ್ತಿ ಬೈದು ಬೈದು ಸುಮ್ಮನಾಗಿದಾಳೆ."

ಎರಡು ಸಾವಿರದ ಇಸವಿಯ ಆಚೀಚೆ ಅಮ್ಮನಿಗೆ ಬಹಳ ನಿಶ್ಶಕ್ತಿ. ಮಂಡಿಗೆಂದು, ಕಣ್ಣಿಗೆಂದು, ಶಕ್ತಿಗೆಂದು ಮೂರು ಡಬ್ಬಿ ಮಾತ್ರೆಗಳನ್ನು ಔಷಧಿ ಅಂಗಡಿಯಿಂದ ನಾನೇ ತಂದೆ. ನಾನು ಶಾಲೆಯಲ್ಲಿ ಹಾಜರಿ ಪುಸ್ತಕದ ಗೆರೆಯನ್ನೂ ಓರೆಯಾಗಲು ಬಿಡದವಳು. ಗೋಡೆಗೆ ವೇಳಾಪಟ್ಟಿ ಅಂಟಿಸಿ, ಒಂದು ದಿನವೂ ತಪ್ಪದೆ ಕೊಟ್ಟೆ. ಉಗುರುಗಳು ಬಿಳಿಚಿದಾಗ ನಿಶ್ಶಕ್ತಿ ಹೆಚ್ಚಿತೆಂದು ಭಾವಿಸಿ, ಮೂರನ್ನೂ ದಿನಕ್ಕೊಂದರಿಂದ ಎರಡಕ್ಕೆ ಏರಿಸಿದೆ. ಅಲ್ಲಿಂದ ಉಗುರು ಒಡೆಯಿತು, ಕೂದಲು ಹಿಡಿ ಹಿಡಿಯಾಗಿ ಉದುರತೊಡಗಿತು. ಅಮ್ಮ ಸೆರಗನ್ನು ತಲೆಯಿಂದ ತೆಗೆಯುವುದನ್ನೇ ಬಿಟ್ಟರು.

ನನ್ನ ಸಂಶಯವೆಲ್ಲ ಬೋರ್‌ವೆಲ್ ನೀರಿನ ಮೇಲೆ. ಪಕ್ಕದ ಮನೆಯವರು ಬಂದು, ಪಂಪನ್ನು ಐದು ನಿಮಿಷ ಓಡಿಸಿ, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ, ತುಂಬಿ, ಚೀಟಿ ಅಂಟಿಸಿ ಒಯ್ದರು. ಆ ಕ್ರಮಬದ್ಧತೆ ನನಗೆ ಬಹಳ ಹಿಡಿಸಿತು.

ಫಲಿತಾಂಶವನ್ನು ತಾವೇ ತಂದರು. "ನೀರು ಚೆನ್ನಾಗಿದೆ ಟೀಚರ್. ಕೂದಲು, ಉಗುರು ಅಂದ್ರಲ್ಲ, ಅದಕ್ಕೇ ಸೆಲೆನಿಯಂ ಅನ್ನೋ ಖನಿಜಾನೂ ನೋಡಿಸಿದೆ, ಅದು ಹೆಚ್ಚಾದ್ರೆ ಹೀಗಾಗುತ್ತೆ. ಲೀಟರಿಗೆ ಹತ್ತು ಮೈಕ್ರೋಗ್ರಾಂ ತನಕ ಇರಬಹುದು. ಇದರಲ್ಲಿ ಒಂದೂ ಇಲ್ಲ."

ಅಷ್ಟರಲ್ಲಿ ಅಮ್ಮ ನೀರು ತಂದು ಕೊಟ್ಟರು. ಲೋಟ ಮೂಗಿನ ಬಳಿಯೇ ನಿಂತಿತು.

"ಅಮ್ಮ, ಇವತ್ತು ಬೆಳ್ಳುಳ್ಳಿ ತಿಂದ್ರಾ?"

"ಈ ಮನೇಲಿ ಬೆಳ್ಳುಳ್ಳಿಯಾ! ನಮ್ಮತ್ತೆ ಫೋಟೋದಿಂದ ಇಳಿದು ಬರ್ತಾರೆ."

ಅವರು ನಗಲಿಲ್ಲ. ಅಮ್ಮನ ಕೈಯನ್ನು ಹಿಡಿದು ಉಗುರುಗಳನ್ನು ನೋಡಿದರು. "ಟೀಚರ್, ಅಮ್ಮನಿಗೆ ಏನೇನು ಮಾತ್ರೆ ಕೊಡ್ತಿದೀರಿ?"

ಡಬ್ಬಿಗಳನ್ನು ತಂದಿಟ್ಟು, ಮೂರರಲ್ಲೂ ದಿನಕ್ಕೆರಡು ಎಂದೆ. ಮೂರರ ಮೇಲೂ ಸಣ್ಣ ಅಕ್ಷರಗಳಲ್ಲಿ ಸೆಲೆನಿಯಂ. ಮಾತ್ರೆಯೊಂದಕ್ಕೆ ಇನ್ನೂರು ಮೈಕ್ರೋಗ್ರಾಂ.

"ಊಟದ್ದೂ ಸೇರಿ ದಿನಕ್ಕೆ ನಾನೂರು ದಾಟಬಾರದು. ನೀವು ಊಟದ್ದು ಬಿಟ್ಟೇ ಸಾವಿರದ ಇನ್ನೂರು ಕೊಟ್ಟಿದೀರಿ. ಉಸಿರಲ್ಲಿ ಬೆಳ್ಳುಳ್ಳಿ ವಾಸನೆ ಅದರದ್ದೇ."

ಅಮ್ಮನಿಗೆ ವಿಷವುಣಿಸಿದ ಕೈ ನನ್ನದೇ. ಅದೂ ವೇಳೆ ತಪ್ಪದೆ.

"ಅಳಬೇಡಿ. ದಿನಕ್ಕೊಂದು ಅಂದ್ರೆ ಯಾವ ಡಬ್ಬೀದೂ ತಪ್ಪಿಲ್ಲ. ಆದ್ರೆ ಮಿತಿ ಇರೋದು ಡಬ್ಬಿಗಲ್ಲ, ಮನುಷ್ಯರಿಗೆ. ಎಲ್ಲಾ ಹೋಗಿ ಸೇರೋದು ಒಂದೇ ಹೊಟ್ಟೆಗಲ್ವಾ?"

ಅಂದೇ ಅವರು ನಮ್ಮನ್ನು ವೈದ್ಯರ ಬಳಿಗೆ ಕರೆದೊಯ್ದರು. ರಕ್ತಪರೀಕ್ಷೆಯೂ ಅವರ ಮಾತನ್ನೇ ಹೇಳಿತು, ಮಾತ್ರೆಗಳು ನಿಂತವು. ಮರುದಿನದಿಂದ, ಬಸ್ಸಿಗೆ ಹೊರಡುವ ಮುನ್ನ ಕಾಂಪೌಂಡಿನಾಚೆಯಿಂದ ಅವರ ಪ್ರಶ್ನೆ: "ಇವತ್ತೆಷ್ಟು?" ಬಾಚಣಿಗೆಗೆ ಬಂದ ಕೂದಲುಗಳನ್ನು ಎಣಿಸಿ ನಾನು ಹೇಳಬೇಕು. ನೂರ ಹತ್ತು. ಎಂಬತ್ತು. ಕೆಲವು ತಿಂಗಳ ಮೇಲೆ, ಒಂಬತ್ತು.

"ನನ್ನ ತಲೇಲಿ ಒಟ್ಟು ಅಷ್ಟಿಲ್ಲ ಟೀಚರ್!" ಎಂದು ತಮ್ಮ ಬೋಳುತಲೆಯನ್ನು ತಟ್ಟಿಕೊಂಡರು. ಒಳಗಿನಿಂದ ಅಮ್ಮ ನಕ್ಕರು. ಅಮ್ಮನ ತಲೆಯ ಮೇಲೆ ಅಂದು ಸೆರಗಿರಲಿಲ್ಲ.

ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ. ಭಾನುವಾರಕ್ಕೊಮ್ಮೆ ಒಪ್ಪಿಸುವುದು ಎರಡೂ ಮನೆಗಳ ತಮಾಷೆಯಾಗಿ ಉಳಿಯಿತು. ಅವರು ನಿವೃತ್ತರಾದ ಮರುವರ್ಷ, ಒಂದು ಶುಕ್ರವಾರ, ಹೃದಯಾಘಾತದಿಂದ ತೀರಿಕೊಂಡರು.

ಆ ಭಾನುವಾರ ಅಮ್ಮನ ತಲೆ ಬಾಚಿದೆ. ಬಾಚಣಿಗೆಯಲ್ಲಿ ಎರಡೇ ಕೂದಲು. ಅದನ್ನು ಹೇಳಲು ಕಾಂಪೌಂಡಿನವರೆಗೂ ಹೋಗಿ ನಿಂತಿದ್ದೆ.