ಬಟ್ಟೆ ಕೂಗಿತು, ಯಾರೂ ಬರಲಿಲ್ಲ

ಕೋವಿಡ್ ಕಳೆದ ಮೇಲಿನ ಎರಡನೆಯ ಕಾಫಿ ಕೊಯ್ಲಿನ ಕಾಲ. ಹಾಸಿಗೆ ಹಿಡಿದವರನ್ನು ಅವರವರ ಮನೆಗೇ ಹೋಗಿ ನೋಡಿಕೊಳ್ಳುವ ಒಂದು ಸೇವಾ ಸಂಸ್ಥೆಯಲ್ಲಿ ನಾನು ಆಗ ಹಿರಿಯ ನರ್ಸ್. ಚೆಟ್ಟಳ್ಳಿ ಕಡೆಯ ಒಂದು ಎಸ್ಟೇಟಿನ ಲೈನಿನಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ, ಜಯಂತಿ ಎಂಬಾಕೆ ನನ್ನ ರೋಗಿ. ಕೊಯ್ಲಿಗೆ ಹೊರಟಿದ್ದ ಜೀಪು ಮಗುಚಿ ಕುತ್ತಿಗೆಯ ಮೂಳೆ ಮುರಿದಿತ್ತು. ಮಾತು, ಬುದ್ಧಿ ಚುರುಕಾಗಿಯೇ ಇದ್ದವು, ಕೈಕಾಲು ಆಡುತ್ತಿರಲಿಲ್ಲ.

ಇಂಥವರು ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದೆ ಅದು ಸಾಯುತ್ತದೆ. ಅದೇ ಬೆಡ್‌ಸೋರ್. ಆಗಾಗ ಮಗ್ಗುಲು ಬದಲಿಸಿದರೆ ಬಹುಮಟ್ಟಿಗೆ ತಡೆಯಬಹುದು. ಜಯಂತಿಯ ಗಂಡ ರಘು ಕಾಫಿ ಒಣಗಿಸುವ ಕಣದಿಂದ ಕೆಲಸದ ನಡುವೆ ಓಡಿಬಂದು ಅವಳನ್ನು ಹೊರಳಿಸಿ ಹೋಗುತ್ತಿದ್ದ. ಅವಳ ಬೆನ್ನಿನ ಮೇಲೆ ಒಂದು ಕೆಂಪು ಗುರುತೂ ಇರಲಿಲ್ಲ.

ಆಗ ಒಂದು ಕಂಪನಿಯವರು ಹೊಸ ಹಾಸುಬಟ್ಟೆ ತಂದರು. ಅದರ ನೂಲಿನಲ್ಲೇ ಸೆನ್ಸರ್‌ಗಳನ್ನು ನೇಯ್ದಿದ್ದರು. ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ಒತ್ತಡ ಬಿದ್ದರೆ ತಲೆದೆಸೆಯ ಪೆಟ್ಟಿಗೆ ಸದ್ದು ಮಾಡುತ್ತದೆ, ರಘುವಿನ ಮೊಬೈಲಿಗೂ ಸಂದೇಶ ಹೋಗುತ್ತದೆ. ಒಳ್ಳೆಯ ವಸ್ತು. ನಾನೂ ಸಂತೋಷಪಟ್ಟೆ. ಬಟ್ಟೆ ಇದೆಯಲ್ಲ ಎಂದು ನಮ್ಮ ಸಂಸ್ಥೆಯವರು ಅಲ್ಲಿಗೆ ನನ್ನ ಭೇಟಿ ಕಡಿಮೆ ಮಾಡಿ, ಬಿಟ್ಟಂಗಾಲದ ಕಡೆಯ ರೋಗಿಗಳನ್ನು ವಹಿಸಿದರು.

ತಿಂಗಳ ನಂತರ ಹೋದಾಗ ಬಾಗಿಲಲ್ಲೇ ವಾಸನೆ ಬಡಿಯಿತು. ಜಯಂತಿಯನ್ನು ಮಗ್ಗುಲಿಗೆ ತಿರುಗಿಸಿದೆ. ಸೊಂಟದ ಕೆಳಗೆ ಮುಷ್ಟಿ ಹಿಡಿಸುವಷ್ಟು ಗುಳಿ, ತಳದಲ್ಲಿ ಮೂಳೆ ಕಾಣುತ್ತಿತ್ತು.

"ಅದು ಕೂಗ್ತಾನೇ ಇತ್ತು ಸಿಸ್ಟರ್," ಎಂದಳು ಜಯಂತಿ. "ನಾನೂ ಕೂಗ್ದೆ. ಲೈನಲ್ಲಿ ಯಾರಿರ್ತಾರೆ, ಎಲ್ಲ ಪಿಕಿಂಗಿಗೆ ಹೋಗಿರ್ತಾರೆ."

ರಘುವನ್ನು ಕರೆಸಿದೆ. ಅವನು ತಲೆ ಎತ್ತಲಿಲ್ಲ.

"ಮೆಶಿನ್ ನೋಡ್ಕೊಳ್ತದಲ್ಲ, ಇನ್ನು ನೀನ್ಯಾಕೆ ಓಡಾಡ್ಬೇಕು ಅಂತ ಎಸ್ಟೇಟ್ ಮ್ಯಾನೇಜರ್ ನನ್ನನ್ನ ಮನೆಗೆ ಬಿಡೋದು ನಿಲ್ಸಿಬಿಟ್ರು ಸಿಸ್ಟರ್. ಕೆಲಸದ ಹೊತ್ತಲ್ಲಿ ಫೋನೂ ರೈಟರ್ ಹತ್ರಾನೇ ಇರ್ತದೆ."

ರೈಟರ್ ಎಂದರೆ ಕೂಲಿಯವರ ಮೇಲ್ವಿಚಾರಕ. ಆತನ ಮೇಜಿನ ಡ್ರಾಯರಿನಲ್ಲಿ ಆ ಫೋನು ದಿನವಿಡೀ ಗುನುಗುತ್ತಿತ್ತು.

ಜಯಂತಿಯನ್ನು ಮಡಿಕೇರಿಯ ಆಸ್ಪತ್ರೆಗೆ ಸಾಗಿಸಲು ಆಂಬುಲೆನ್ಸಿಗೆ ಹೇಳಿ ನೇರವಾಗಿ ಮ್ಯಾನೇಜರರ ಬಂಗಲೆಗೆ ನಡೆದೆ. ಕಂಪನಿಯ ಎಂಜಿನಿಯರ್ ಅಂದು ಅಲ್ಲೇ ಇದ್ದ. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, "ಸಿಸ್ಟಮ್ ಒಂದು ಅಲರ್ಟನ್ನೂ ತಪ್ಪಿಸಿಲ್ಲ ಮೇಡಂ. ಮನೆಯವರೇ ಸ್ಪಂದಿಸಿಲ್ಲ," ಎಂದ. ಮ್ಯಾನೇಜರ್ ಕಾಫಿ ಕುಡಿಯುತ್ತ, "ಒಬ್ಬನನ್ನ ಮನೆಗೆ ಬಿಟ್ರೆ ಎಲ್ಲರೂ ಕೇಳ್ತಾರೆ," ಎಂದರು.

ಮೂವತ್ತು ವರ್ಷದ ಕೆಲಸದಲ್ಲಿ ನಾನು ಯಾರ ಮೇಲೂ ದನಿ ಎತ್ತಿದವಳಲ್ಲ. ಅಂದು ಎತ್ತಿದೆ. "ಏಳಿ ಇಬ್ರೂ. ಬಂದು ಕಣ್ಣಾರೆ ನೋಡಿ. ಆಮೇಲೆ ಅವಳೆದುರಿಗೇ ಈ ಮಾತು ಹೇಳಿ."

ಬಂದರು. ಜಯಂತಿಯ ಒಪ್ಪಿಗೆ ಕೇಳಿ ಗಾಯದ ಮೇಲಿನ ಹೊದಿಕೆ ಸರಿಸಿದೆ. ಎಂಜಿನಿಯರ್ ಗೋಡೆಗೆ ಆತುಕೊಂಡ. ಮ್ಯಾನೇಜರ್ ಹೊಸ್ತಿಲು ದಾಟಲಿಲ್ಲ. ಜಯಂತಿ ಅವರಿಗೆ ಬೆನ್ನು ಹಾಕಿ ಮಲಗಿದ್ದವಳು ಹಾಗೆಯೇ ಹೇಳಿದಳು:

"ಸಾರ್, ಬಟ್ಟೆ ತಗೊಂಡ್ಹೋಗಿ. ನನ್ನ ಗಂಡನ್ನ ಬಿಟ್ಕೊಡಿ."

ಅಷ್ಟರಲ್ಲಿ ಆಂಬುಲೆನ್ಸ್ ಬಂತು.

ಶಸ್ತ್ರಚಿಕಿತ್ಸೆಯಾಯಿತು. ಸೋಂಕು ರಕ್ತಕ್ಕೇರಿ ಒಂದು ಹಂತದಲ್ಲಿ ಡಾಕ್ಟರರು ಆಸೆ ಬಿಟ್ಟಿದ್ದರು. ಜಯಂತಿ ಬದುಕಿದಳು, ಗಾಯ ಮಾಯಲು ಮುಂದಿನ ಮಳೆಗಾಲವೇ ಬೇಕಾಯಿತು. ಲೈನಿನ ಹೆಂಗಸರು ಒಟ್ಟಾಗಿ ಹೋಗಿ ಕೇಳಿದ ಮೇಲೆ ರಘುವಿಗೆ ಮನೆಯ ಪಕ್ಕದ ಕಾಫಿ ಸಸಿಗಳ ನರ್ಸರಿಯಲ್ಲಿ ಕೆಲಸ ಸಿಕ್ಕಿತು, ಫೋನು ಜೇಬಿಗೆ ಮರಳಿತು. ಅದೇ ಹಾಸುಬಟ್ಟೆ ಈಗ ಅವಳನ್ನು ಚೆನ್ನಾಗಿ ಕಾಯುತ್ತಿದೆ. ಆದರೆ ಕಂಪನಿಯ ವರದಿಯಲ್ಲಿ ಇಂದಿಗೂ ತಪ್ಪು ರಘುವಿನದೇ. ಬದಲಿಸಿ ಎಂದು ಎಷ್ಟು ಸಲ ಕೇಳಿದರೂ ಬದಲಿಸಿಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಯಾರೇ ಹೊಸ ಉಪಕರಣ ತಂದರೂ ನಾನು ಮೊದಲು ಕೇಳುವುದು ಒಂದೇ: ಇದು ಕೂಗಿದಾಗ ಬರುವವರು ಯಾರು, ಅವರನ್ನು ಬರಲು ಬಿಡುವವರು ಯಾರು? ಹೆಸರು ಹೇಳುವವರೆಗೆ ನನ್ನ ರೋಗಿಯ ಹಾಸಿಗೆ ಮುಟ್ಟಲು ಬಿಡುವುದಿಲ್ಲ.