ಮಾಮಾನ ಟೆಸ್ಟಿಂಗ್ ಕ್ಯಾಸೆಟ್

ಹೋದ ವಾರ ಹಳೆಯ ಟೇಪ್ ರೆಕಾರ್ಡರ್ ಹಿಡಿದುಕೊಂಡು ಬೀದರಿನ ಚೌಬಾರಾದ ಹತ್ತಿರದ ರಿಪೇರಿ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಯಾವುದೋ ವೈರಿಗೆ ಬೆಸುಗೆ ಹಾಕುತ್ತಿದ್ದರು. ಕಾದ ರಾಳದ ಹೊಗೆ ಮೂಗಿಗೆ ಬಡಿದದ್ದೇ ತಡ, ಭಾಲ್ಕಿಯ ಮನೆಯ ಮುಂದಿನ ಖೋಲಿ, ಅಲ್ಲಿ ಬರೀ ಬನಿಯನ್ನಿನಲ್ಲಿ ಕುಳಿತು ಆಂಪ್ಲಿಫಯರಿನೊಳಗೆ ತಲೆ ಹಾಕಿದ್ದ ಮಾಮಾ... ಎಲ್ಲ ಎದುರಿಗೆ ಬಂತು. ಕಣ್ಣು ತುಂಬಬೇಕಿತ್ತು. ನನಗೆ ಬಂದದ್ದು ಸಿಟ್ಟು.

ಮಾಮಾ ಅಂದರೆ ನಮ್ಮ ಅಪ್ಪನ ತಂಗಿಯ ಗಂಡ. ನಾನು ಕಾಲೇಜಿಗೆಂದು ಅವರ ಮನೆಯಲ್ಲೇ ಇದ್ದೆ. ಅವರದು ಮೈಕ್ ಸೆಟ್ಟಿನ ಧಂದೆ. ಭಾತಂಬ್ರಾದಲ್ಲಿ ಭಜನೆ ಇರಲಿ, ಔರಾದ್ ಕಡೆ ಡಾಬಕಾದಲ್ಲಿ ಮದುವೆ ಇರಲಿ, ಅವರದೇ ಸ್ಪೀಕರು. ಜನ ಬಂದು ಕೂರುವ ಮೊದಲು ಅವರು ಹಾಕುತ್ತಿದ್ದದ್ದು ಮಾತ್ರ ಭಜನೆಯೂ ಅಲ್ಲ, ಶಹನಾಯಿಯೂ ಅಲ್ಲ, ಹೆವಿ ರಾಕ್! ಬೀದರಿನ ವಿಮಾನದಳದವರೊಬ್ಬರು ವರ್ಗವಾಗಿ ಹೋಗುವಾಗ ಬಿಟ್ಟುಕೊಟ್ಟ ಕ್ಯಾಸೆಟ್ ಅದು. ಪೆಂಡಾಲಿನಲ್ಲಿ ಆ ಅಬ್ಬರ ಶುರುವಾದರೆ ಊರ ಹಿರಿಯರು ಓಡಿ ಬಂದು, ಇದೇನ್ರಿ, ದೆವ್ವ ಬಿಡಿಸೋದು ಅದ ಏನು ಅಂತ ಕೇಳುತ್ತಿದ್ದರು. ಮಾಮಾ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಸ್ಪೀಕರ್ ಹದಕ್ಕೆ ಬರುವವರೆಗೂ ಅದೇ ಕ್ಯಾಸೆಟ್.

ಹಾಡು ಅವರಿಗೂ ಒಂದಕ್ಷರ ತಿಳಿಯುತ್ತಿರಲಿಲ್ಲ, ಸೇರುತ್ತಲೂ ಇರಲಿಲ್ಲ. ಅವರು ಮರುಳಾಗಿದ್ದು ರೆಕಾರ್ಡಿಂಗಿಗೆ. ಅಷ್ಟು ಗದ್ದಲದಲ್ಲೂ ಡ್ರಮ್ಮಿನ ಜಾಗದಲ್ಲಿ ಡ್ರಮ್ಮು, ಗಿಟಾರಿನ ಜಾಗದಲ್ಲಿ ಗಿಟಾರು. ಒಂದರ ಮೇಲೊಂದು ಬೀಳುತ್ತಿರಲಿಲ್ಲ. ಡ್ರಮ್ಮಿನ ಪಕ್ಕದ ಕಂಚಿನ ತಟ್ಟೆಗೆ ಹೊಡೆದ ಸದ್ದು ಸಣ್ಣಗಾಗುತ್ತಾ ಹೋಗಿ ಆರುವುದು ಕೂಡ ಕೇಳುತ್ತಿತ್ತು. ನನ್ನನ್ನು ಹಿಡಿದು ಕೂರಿಸಿ ಕೇಳಿಸುತ್ತಿದ್ದರು.

"ಒದರೂಕಿಂತ ಮೊದಲ ಅಂವ ಉಸಿರು ತಗೋತಾನಲ್ಲ, ಅದೂ ಕೇಳಸ್ತದ ನೋಡು. ನಮ್ಮವರದು ಒಂದ್ ದನಿ, ಒಂದ್ ಹಾರ್ಮೋನಿಯಂ ಪೇಟಿ. ಅದನ್ನೂ ಬಾವ್ಯಾಗ ಕೂತು ಹಾಡಿದಂಗ ಮಾಡ್ತಾರ."

ನಮ್ಮ ಕಡೆಯ ವಚನದ ಕ್ಯಾಸೆಟ್ಟುಗಳ ಮೇಲೆ ಅವರಿಗೆ ಎಲ್ಲಿಲ್ಲದ ಕೋಪ. ಅದಕ್ಕೆ ಕಾರಣ ಮನೆಯೊಳಗೇ ಇತ್ತು. ಅವರ ಹೆಂಡತಿ, ನಮ್ಮ ಅತ್ಯಾ, ವಚನ ಹಾಡುತ್ತಿದ್ದಳು. ಶ್ರಾವಣದಲ್ಲಿ ಅವಳು ಹಾಡಲು ಕುಳಿತರೆ ಹೊರಗೆ ಚಪ್ಪಲಿ ಬಿಡಲು ಜಾಗವಿರುತ್ತಿರಲಿಲ್ಲ. ಒಂದು ಕ್ಯಾಸೆಟ್ ಮಾಡಿಕೊಡಿ ಎಂದು ಎಷ್ಟೋ ಜನ ಕೇಳಿದರು. ಮಾಮಾ ಒಪ್ಪಲಿಲ್ಲ. ಒಳ್ಳೆಯ ಮೈಕ್ ಬರಬೇಕು, ಖೋಲಿ ಸರಿ ಆಗಬೇಕು, ಮಾಡಿದರೆ ಆ ರಾಕ್ ಕ್ಯಾಸೆಟ್ಟಿನ ಹಾಗೆ ಮಾಡಬೇಕು. ಇಲ್ಲದಿದ್ದರೆ ಬೇಡವೇ ಬೇಡ.

ಅಷ್ಟರಲ್ಲಿ ಅತ್ಯಾಳ ಗಂಟಲಲ್ಲಿ ಗಡ್ಡೆ ಕಾಣಿಸಿತು. ಹೈದರಾಬಾದಿನಲ್ಲಿ ಆಪರೇಷನ್ ಎಂದು ನಿಗದಿಯಾಯಿತು. ದನಿ ಹೋದರೂ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಗಲಾದರೂ ಈ ಮನುಷ್ಯ ಕೈಗೆ ಸಿಕ್ಕ ಮೈಕ್ ಮುಂದಿಟ್ಟು ಹಾಡಿಸಬೇಕೋ ಬೇಡವೋ? ಇಲ್ಲ! ದನಿ ಮಾರ್ದನಿಸಬಾರದೆಂದು ಮನೆಯ ಕೌದಿಗಳನ್ನೆಲ್ಲ ಖೋಲಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ನಾವು ಚಾದರ ಹೊದ್ದು ಮಲಗಿದೆವು. ಹೈದರಾಬಾದಿನಿಂದ ತರಿಸಿದ ಮೈಕ್ ಗುಂಯ್ ಅಂದಿತು, ವಾಪಸ್ ಕಳಿಸಿದರು. ಇನ್ನೊಂದು ಬರುತ್ತದೆ, ಬರುತ್ತದೆ ಅಂದರು...

ಒಂದು ಮಧ್ಯಾಹ್ನ ಮಾಮಾ ಸಾಮಾನು ತರಲು ಬೀದರಿಗೆ ಹೋಗಿದ್ದರು, ನಾನು ಕಾಲೇಜಿನಲ್ಲಿದ್ದೆ. ಅತ್ಯಾ ಅಡುಗೆಮನೆಯಲ್ಲೇ ಕುಳಿತು, ಮನೆಯ ಸಣ್ಣ ಟೇಪ್ ರೆಕಾರ್ಡರಿನಲ್ಲಿ ಹಾಡಿ ಇಟ್ಟಳು. ಹೊಸ ಕ್ಯಾಸೆಟ್ಟುಗಳು ಕಪಾಟಿನ ತುಂಬ ಇದ್ದವು. ಅವಳು ತೆಗೆದುಕೊಂಡದ್ದು ಆ ಹೆವಿ ರಾಕ್ ಕ್ಯಾಸೆಟ್ಟು. ಅಳಿಸಬಾರದೆಂದು ಕಂಪನಿಯವರು ಮೂಲೆಯಲ್ಲಿ ಬಿಟ್ಟಿರುವ ತೂತಿಗೆ ಕಾಗದ ತುರುಕಿದರೆ ಅದರ ಮೇಲೂ ರೆಕಾರ್ಡ್ ಆಗುತ್ತದೆ. ಗಂಡ ಮಾಡುವುದನ್ನು ನೋಡಿ ನೋಡಿ ಅದನ್ನೂ ಕಲಿತಿದ್ದಳು.

ಮಾಮಾನಿಗೆ ಇದು ಗೊತ್ತಾಗಿದ್ದು ಡಾಬಕಾದ ಪೆಂಡಾಲಿನಲ್ಲಿ. ಡ್ರಮ್ಮು ಬಡಿಯುತ್ತಿದ್ದದ್ದು ಟಕ್ಕನೆ ನಿಂತು, ದೊಡ್ಡ ಸ್ಪೀಕರಿನಿಂದ ಫ್ಯಾನಿನ ಸದ್ದು, ಕುಕ್ಕರಿನ ಸೀಟಿ, ಅದರ ಹಿಂದೆಲ್ಲೋ ಒಂದು ಹೆಣ್ಣುದನಿ. ಯಾರ ಮನಿ ಅಡಗಿ ಆಗ್ಲತ್ತದರಿ ಎಂದು ಜನ ನಕ್ಕರಂತೆ. ಮನೆಗೆ ಬಂದವರು ಚಪ್ಪಲಿ ಸಹ ಬಿಡದೆ ಒಳಗೆ ನುಗ್ಗಿದರು. ನಾನು ಅಲ್ಲೇ ಇದ್ದೆ.

"ನನ್ನ ಕ್ಯಾಸೆಟ್ ಹಾಳ ಮಾಡದಿ."

ಅತ್ಯಾ ಹಿಟ್ಟು ನಾದುವುದನ್ನು ಬಿಡಲಿಲ್ಲ. "ಅದರಾಗ ಎಲ್ಲಾ ಸಾಫ್ ಬರ್ತದ ಅಂತಿದ್ರಿ. ಅದಕ್ಕ ಅದರಾಗೇ ಹಾಡದೆ."

ಮಾಮಾ ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದರು. ಸ್ವಲ್ಪ ಹೊತ್ತಿಗೆ ಪೆಂಡಾಲಿನಿಂದ ತಂದ ಮೈಕನ್ನೇ ಒಯ್ದು ಕೌದಿಯ ಖೋಲಿಯಲ್ಲಿ ಜೋಡಿಸಿ, ಬಾ ಹಾಡು ಎಂದು ಕರೆದರು. ಅತ್ಯಾ ಹೋಗಲಿಲ್ಲ. "ಇನ್ನ ಬ್ಯಾಡ್ರಿ. ನಾ ಹಾಡೋದು ಹಾಡಿ ಆಗ್ಯದ." ಮರುದಿನ ಹೈದರಾಬಾದಿಗೆ ಹೊರಟರು.

ಆಪರೇಷನ್ ಆದ ಮೇಲೆ ಅವಳು ಬಹಳ ವರ್ಷ ಬದುಕಿದಳು. ಬಾಯಿಂದ ಗಾಳಿ ಬರುತ್ತಿತ್ತು, ದನಿ ಬರಲಿಲ್ಲ. ಮಾಮಾ ಆ ಕ್ಯಾಸೆಟ್ಟನ್ನು ಮತ್ತೆ ಪೆಂಡಾಲಿಗೆ ಒಯ್ಯಲಿಲ್ಲ, ಮನೆಯಲ್ಲಿಯೂ ಹಾಕಲಿಲ್ಲ. ಅತ್ಯಾ ಹೋದಳು, ಹೋದ ವರ್ಷ ಮಾಮಾನೂ ಹೋದರು. ಕ್ಯಾಸೆಟ್ ನನ್ನ ಪಾಲಿಗೆ ಬಂತು. ಈಗ ಯಾರ ಕೈಯಲ್ಲಿ ನೋಡಿದರೂ ಫೋನು, ಕೂತದ್ದು ಎದ್ದದ್ದು ಎಲ್ಲ ರೆಕಾರ್ಡು. ನಮ್ಮ ಮನೆಯಲ್ಲಿ ಇಷ್ಟೊಂದು ಮೈಕ್ ಇದ್ದೂ... ಹೋಗಲಿ, ಸತ್ತವರ ಜೊತೆ ಜಗಳ ಹೇಗೆ ಆಡುವುದು.

ನಿನ್ನೆ ಅಂಗಡಿಗೆ ಹೋದಾಗ ಟೇಪ್ ರೆಕಾರ್ಡರ್ ರಿಪೇರಿ ಆಗಿತ್ತು. ಪೆನ್ ಡ್ರೈವಿಗೆ ಹಾಕಿಕೊಡಿ ಎಂದು ಜೊತೆಗೇ ಕೊಟ್ಟಿದ್ದ ಕ್ಯಾಸೆಟ್ಟನ್ನು ಅಂಗಡಿಯವರು ಪೂರ್ತಿ ಕೇಳಿದ್ದರು.

"ರೆಕಾರ್ಡಿಂಗ್ ಏಕ್ ನಂಬರ್ ಅದರಿ ಮೇಡಂ. ನಡುವ ಏನೋ ಗದ್ದಲ ಅದ. ಪೆನ್ ಡ್ರೈವಿಗಿ ಹಾಕುವಾಗ ಅದು ತೆಗದು ಕೊಡ್ಲೇನು?"

ಬೇಡ, ಆ ಗದ್ದಲಕ್ಕಾಗಿಯೇ ಬಂದಿದ್ದೇನೆ ಅಂದೆ. ದನಿ ಸ್ವಲ್ಪ ಜೋರೇ ಆಯಿತು. ನಮ್ಮ ಅತ್ಯಾ ವಚನ ಹಾಡಿದ್ದಾಳೆ ಎಂದು ಹೇಳಿದೆ. ಪಾಪ, ಅವರು ಮತ್ತೆ ಹಾಕಿ, ಫ್ಯಾನಿನ ಸದ್ದು ಕಡಿಮೆ ಮಾಡಲು ನೋಡಿದರು. ಫ್ಯಾನಿನ ಜೊತೆ ಅವಳೂ ಹೋಗುತ್ತಿದ್ದಳು. ಸ್ಪೀಕರಿಗೆ ಕಿವಿ ಹಚ್ಚಿ ಕೇಳಿ, ಯಾವ ವಚನರಿ ಇದು ಎಂದು ಕೇಳಿದರು.

ನಾನೂ ಬಗ್ಗಿ ಕಿವಿ ಹಚ್ಚಿದೆ. ಯಾವ ವಚನವೋ, ನನಗೂ ತಿಳಿಯಲಿಲ್ಲ. ಇನ್ನೊಮ್ಮೆ ಹಾಕಿ ಎನ್ನುವಷ್ಟರಲ್ಲಿ ಅವಳ ಹಾಡು ಮುಗಿದು ಟಕ್ ಎಂದಿತು. ಆಮೇಲೆ ಆ ರಾಕ್ ಹಾಡುಗಾರ ಒದರುವ ಮುಂಚೆ ಉಸಿರು ತೆಗೆದುಕೊಂಡದ್ದು ಸ್ವಚ್ಛವಾಗಿ ಕೇಳಿಸಿತು.