ಬಡಾಖಾನಾದಲ್ಲಿ ಬಡಿಸಿದ ಪೂರಿ

ಕೋಲ್ಕತ್ತದ ಲೇಕ್ ಗಾರ್ಡನ್ಸಿನ ಮರಿಯಪ್ಪನವರಿಗೆ ತಮ್ಮ ರೆಜಿಮೆಂಟಿನ ಚರಿತ್ರೆ ಹೇಳಲು ಕೂತರೆ ಊಟ ನಿದ್ದೆ ಬೇಡ. ಅದೇ ಊರಿನ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ನಾಯಿಕೊಡೆಗಳಂತೆ ಏಳುತ್ತಿದ್ದ ಕಾಲ. ಅಂಥದ್ದೊಂದು ಸಾಫ್ಟ್‌ವೇರ್ ಕಂಪನಿಯ ಕಾವಲುಗಾರರಿಗೆ ಅವರೇ ಮುಖ್ಯಸ್ಥರು. ಲಿಫ್ಟಿಗೆ ಕಾಯುವವರು ಯಾರಾದರೂ ಕೈಗೆ ಸಿಕ್ಕರೆ ಸಾಕು, ಬ್ರಿಟಿಷರು ದಕ್ಷಿಣದ ಸಿಪಾಯಿಗಳನ್ನು ಕಲೆಹಾಕಿ ಪಲ್ಟನ್ ಕಟ್ಟಿದ್ದರಿಂದ ಶುರುಮಾಡಿ, ಬರ್ಮಾದ ಕಾಡು ಹಾಯ್ದು, ಎಪ್ಪತ್ತೊಂದರ ಯುದ್ಧಕ್ಕೆ ತಂದು ನಿಲ್ಲಿಸುತ್ತಿದ್ದರು. ಅಲ್ಲಿ ಮಾತ್ರ ಕತೆಗೆ ಎಲ್ಲಿಲ್ಲದ ಅವಸರ: "ಹೊಳೆ ದಾಟಿದ್ವಿ, ಹಳ್ಳಿ ಹಿಡಿದ್ವಿ, ಮುಗೀತು."

ಎಲ್ಲಿ ಮುಗಿದಿತ್ತು? ಆ ಹೊಳೆದಂಡೆಯಲ್ಲಿ ಹವಾಲ್ದಾರ್ ಮರಿಯಪ್ಪ "ಬಲಕ್ಕೆ ಹೋಗು" ಎಂದು ಕಳಿಸಿದ್ದು ಧಾರವಾಡದ ಕಡೆಯ ಬಸುವನ್ನು, ತನ್ನ ಜೀವದ ಗೆಳೆಯನನ್ನು. ನೆಲಬಾಂಬು ಸಿಡಿದು ಬಸುವಿನ ಒಂದು ಕಾಲು ಹೋಯಿತು. ಆಮೇಲೆ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ.

ಯುದ್ಧ ಕಳೆದು ಮೂವತ್ತನೆಯ ವರ್ಷ ಪಲ್ಟನ್ ಕೋಲ್ಕತ್ತದಲ್ಲೇ ಇತ್ತು. ಸ್ಥಾಪನಾ ದಿನದ ದೊಡ್ಡೂಟಕ್ಕೆ, ಅವರ ಮಾತಿನಲ್ಲಿ ಬಡಾಖಾನಾಕ್ಕೆ, ಹಳಬರಿಗೆಲ್ಲ ಕರೆ ಬಂತು. ಬಸುವೂ ಬರುತ್ತಾನೆಂದು ಸುದ್ದಿ. ಅಲ್ಲಿನ ಪದ್ಧತಿ ಏನೆಂದರೆ, ಸಿಪಾಯಿಗಳು ಕೂತು ಉಣ್ಣಬೇಕು, ಆಫೀಸರುಗಳು ಕೈಯಾರೆ ಬಡಿಸಬೇಕು. ನಿವೃತ್ತಿಯ ಹೊತ್ತಿಗೆ ಗೌರವ ಕ್ಯಾಪ್ಟನ್ ಆಗಿದ್ದ ಮರಿಯಪ್ಪನವರು ಈಗ ಬಡಿಸುವವರ ಸಾಲಿಗೆ ಸೇರಿದವರು.

"ಎಲ್ಲರ ಮುಂದೆ ಅವನು ತಟ್ಟೆ ಸರಿಸಿಬಿಟ್ರೆ?" ಎಂದರು ಹೆಂಡತಿಯ ಹತ್ತಿರ.

"ಫಿರಂಗಿಗೇ ಹೆದರಲಿಲ್ಲ, ತಟ್ಟೆಗೆ ಹೆದರ್ತೀರಾ? ಹೋಗ್ಬನ್ನಿ," ಎಂದರು ತುಂಗಮ್ಮ.

ಹೋದರು. ಪೂರಿಯ ಬುಟ್ಟಿ ಹಿಡಿದು ಒಬ್ಬೊಬ್ಬರಿಗೇ ಬಡಿಸುತ್ತ ಬಸುವಿನ ಮುಂದೆ ಬಂದು ಪೂರಿ ಎತ್ತಿದರು. ಬಸು ತಟ್ಟೆಗೆ ಕೈ ಅಡ್ಡ ಹಿಡಿದ.

"ನಿನ್ನ ಕಾಲು ಕಳೆದೋನು ನಾನೇ ಕಣೋ," ಎಂದರು ಮರಿಯಪ್ಪ.

"ಕಾಲಿನ ಮಾತು ಯಾರು ತೆಗದ್ರು? ಯುದ್ಧದಾಗ ಕಾಲು ಹೋಗ್ತಾವ. ಆರು ತಿಂಗಳ ದವಾಖಾನ್ಯಾಗ ಬಾಗಿಲ ಕಡೆ ನೋಡ್ಕೋತ ಬಿದ್ದಿದ್ದೆ. ಒಂದಿನಾನೂ ಬರ್ಲಿಲ್ಲಲ್ಲೋ ನೀ!"

ಮೂವತ್ತು ವರ್ಷ ಈ ಮಹಾಶಯರು ಕೊರಗಿದ್ದೆಲ್ಲ ಬೇರೆಯದೇ ತಪ್ಪಿಗೆ. "ಯಾವ ಮುಖ ಹೊತ್ಕೊಂಡು ಬರ್ಲಿ ಅಂತ..." ಎಂದರು ಮೆಲ್ಲಗೆ.

"ಇದ ಮುಖಾ ಹೊತ್ಕೊಂಡು ಬರಬೇಕಿತ್ತು." ಬಸುವಿನ ಕಣ್ಣು ತುಂಬಿತ್ತು. ತಟ್ಟೆಯ ಮೇಲಿನ ಕೈ ತೆಗೆದ. "ಹಾಕು. ಎರಡು ಹಾಕು."